‘ಆ ಫೀಚರ್ ಯಾವಾಗ ಬರುತ್ತೆ?’: ಗ್ರಾಹಕರಿಗೆ ಯಾವ ಉತ್ತರ ಕೊಡಬೇಕು?

ಮಧ್ಯಾಹ್ನ ಮೂರೂವರೆಗೆ ಊಟದ ಗದ್ದಲ ಮುಗಿದಿರುತ್ತದೆ. ಸಂಜೆಯ ಚಹಾಕ್ಕೆ ಜನ ಇನ್ನೂ ಬಂದಿರುವುದಿಲ್ಲ. ಮುಂಬಯಿಯ ಹೋಟೆಲ್ ಮಾಲೀಕರು ನನಗೆ ಫೋನ್ ಮಾಡುವುದು ಆ ಹೊತ್ತಿಗೇ. ನಾನು ಪುಣೆಯಲ್ಲಿ, ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಸಪೋರ್ಟ್ ನೋಡಿಕೊಳ್ಳುತ್ತೇನೆ. ಬೆಳಗಾವಿ ಕಡೆಯವಳು. ಕನ್ನಡ ಮನೆಮಾತು, ಮರಾಠಿ ಓಣಿಯ ಮಾತು. ಹಾಗಾಗಿ ಮಾಟುಂಗ, ಠಾಣೆ, ಡೊಂಬಿವಿಲಿ, ಪನ್ವೇಲ್, ಆ ಕಡೆ ಗೋವಾದ ವಾಸ್ಕೋ, ಮಾಪ್ಸಾದ ಕನ್ನಡ ಗ್ರಾಹಕರೆಲ್ಲ ನನ್ನ ಪಾಲಿಗೆ ಬಂದಿದ್ದಾರೆ.

ಅವರು ಮಾಡುವ ಫೋನುಗಳಲ್ಲಿ ಅರ್ಧ, ಕೆಟ್ಟದ್ದನ್ನು ಸರಿಮಾಡಿ ಎಂದು. ಇನ್ನರ್ಧದಲ್ಲಿ ಒಂದೇ ಪ್ರಶ್ನೆ.

“ಮೇಡಂ, ಮರಾಠಿ ಬಿಲ್ಲು ಯಾವಾಗ ಬರ್ತದೆ? ಒಂದು ತಾರೀಖು ಹೇಳಿಬಿಡಿ ಮಾರಾಯ್ರೆ.”

ಇದಕ್ಕೆ ಐದು ಬಗೆಯಲ್ಲಿ ಉತ್ತರ ಕೊಡಬಹುದು. ತಾರೀಖು ಹೇಳಬಹುದು. ‘ಇಷ್ಟರೊಳಗೆ’ ಎಂದು ಅಂದಾಜು ಹೇಳಬಹುದು. ತಾರೀಖು ಬಿಟ್ಟು, ಕೆಲಸ ಎಲ್ಲಿಗೆ ಬಂದಿದೆ ಎಂದಷ್ಟೇ ಹೇಳಬಹುದು. ‘ನಾವು ಅದನ್ನು ಮಾಡುವುದಿಲ್ಲ’ ಎನ್ನಬಹುದು. ಇಲ್ಲವೇ ‘ಮುಂದೆ ಬರುವುದರ ಬಗ್ಗೆ ನಾವು ಮಾತಾಡುವುದಿಲ್ಲ’ ಎಂದು ಸುಮ್ಮನಾಗಬಹುದು. ಐದೂ ಪ್ರಾಮಾಣಿಕ ಉತ್ತರಗಳೇ. ಆರನೆಯದು ಒಂದಿದೆ, ಎಲ್ಲರ ಬಾಯಲ್ಲೂ ತಾನಾಗಿ ಬರುವಂಥದ್ದು: ‘ಬೇಗ ಬರುತ್ತೆ ಸರ್.’ ಅದರಲ್ಲಿ ಯಾವ ವಿಷಯವೂ ಇಲ್ಲ. ಅದನ್ನು ಲೆಕ್ಕದಿಂದಲೇ ತೆಗೆದುಬಿಟ್ಟಿದ್ದೇನೆ.

ಫೋನ್ ಇಟ್ಟ ಮೇಲೆ ಅವರು ಏನು ಮಾಡುತ್ತಾರೆ?

ಹೆಚ್ಚಿನ ಕಂಪನಿಗಳಲ್ಲಿ ಉತ್ತರ ಆರಿಸುವುದು ಕೆಲಸ ಎಷ್ಟು ಮುಗಿದಿದೆ ಎಂದು ನೋಡಿ. ಮುಗಿಯುತ್ತ ಬಂದಿದ್ದರೆ ತಾರೀಖು, ಶುರುವೇ ಆಗಿಲ್ಲದಿದ್ದರೆ ಹಾರಿಕೆಯ ಮಾತು. ನನಗೆ ಅದು ಅರ್ಧ ಸರಿ ಎನಿಸುತ್ತದೆ. ಕೇಳಿದವರು ನಮ್ಮ ಉತ್ತರ ತೆಗೆದುಕೊಂಡು ಏನು ಮಾಡಲಿದ್ದಾರೆ? ಅದನ್ನು ತಿಳಿಯದೆ ಯಾವ ಉತ್ತರ ಸರಿ ಎಂದು ಹೇಳಲು ಬರುವುದಿಲ್ಲ.

ಮಾಟುಂಗದ ಒಬ್ಬ ಮಾಲೀಕರನ್ನೇ ನೋಡಿ. ಅವರೂ ಮರಾಠಿ ಬಿಲ್ಲಿನ ತಾರೀಖು ಕೇಳಿದ್ದರು. ‘ತಾರೀಖು ಹೇಳುವ ಮೊದಲು ಒಂದು ಕೇಳಲಾ ಅಣ್ಣಾ, ಈಗ ಯಾಕೆ ಬೇಕಾಯಿತು?’ ಎಂದೆ. ಆಗ ವಿಷಯ ಹೊರಬಂತು. ಪ್ರಿಂಟರ್ ಮಾರುವವನು ಅವರಿಗೆ, ಮರಾಠಿ ಅಕ್ಷರ ಬೇಕಿದ್ದರೆ ಹಳೆಯ ಪ್ರಿಂಟರ್ ಆಗುವುದಿಲ್ಲ, ಮೂರು ಹೊಸದು ತೆಗೆದುಕೊಳ್ಳಿ ಎಂದಿದ್ದ. ಮುಂಗಡ ಕೊಡುವುದೋ ಬೇಡವೋ ಎಂದು ಅವರು ಯೋಚಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ತಾರೀಖು ಅಲ್ಲವೇ ಅಲ್ಲ! ಸಾಮಾನ್ಯವಾಗಿ ಗಲ್ಲಾದ ಮೇಲಿರುವ ಅಗ್ಗದ ಥರ್ಮಲ್ ಪ್ರಿಂಟರ್‌ಗೆ ಮರಾಠಿಯಾಗಲಿ ಕನ್ನಡವಾಗಲಿ ಓದಲು ಬರುವುದಿಲ್ಲ, ಅದರೊಳಗೆ ಆ ಅಕ್ಷರಗಳೇ ಇರುವುದಿಲ್ಲ. ಸಾಫ್ಟ್‌ವೇರೇ ಇಡೀ ಬಿಲ್ಲನ್ನು ಒಂದು ಚಿತ್ರದಂತೆ ಮಾಡಿ ಕಳಿಸಬೇಕು. ಹಾಗೆ ಕಳಿಸಿದರೆ ಅವರ 3 ಇಂಚಿನ ಹಳೆಯ ಪ್ರಿಂಟರೇ ಸಾಕು. “ಹೊಸದು ತಗೋಬೇಡಿ ಅಣ್ಣಾ” ಎಂದೆ. ಅಷ್ಟಕ್ಕೇ ಅವರು ನಿರಾಳರಾದರು. ತಾರೀಖಿನ ಮಾತು ಮತ್ತೆ ಬರಲಿಲ್ಲ.

ಅದೇ ವಾರ ಠಾಣೆಯಿಂದ ಇನ್ನೊಬ್ಬರು ಅದೇ ಪ್ರಶ್ನೆ ಕೇಳಿದರು. ಅವರ ವರ್ಷದ ಲೈಸೆನ್ಸ್ ಮುಗಿಯುವುದರಲ್ಲಿತ್ತು. ಮರಾಠಿ ಬಿಲ್ಲು ಬರುವುದಿಲ್ಲ ಎಂದಾದರೆ ಬೇರೆ ಕಂಪನಿಗೆ ಹೋಗಬೇಕೆಂದಿದ್ದರು. ಅವರಿಗೆ ಬೇರೆಯೇ ಉತ್ತರ ಬೇಕಿತ್ತು, ಅದೂ ಆ ದಿನವೇ. ಪ್ರಶ್ನೆಯ ಮಾತು ಒಂದೇ ಆಗಿತ್ತು, ಹಿಂದಿನ ಕಾರಣ ಮಾತ್ರ ಬೇರೆ.

ಆದ್ದರಿಂದ ಮುಂದೆ ಹೋಲಿಸುವಾಗ ಎರಡನ್ನೂ ನೋಡುತ್ತೇನೆ. ನಮ್ಮ ಕಡೆ ಕೆಲಸ ಎಷ್ಟಾಗಿದೆ? ಅವರ ಕಡೆ ಏನು ನಿಂತಿದೆ?

ತಾರೀಖು ಕೊಡುವುದು

ಇದು ಎಲ್ಲಕ್ಕಿಂತ ಬೆಲೆಬಾಳುವ ಉತ್ತರ. ಎಲ್ಲಕ್ಕಿಂತ ದುಬಾರಿಯೂ ಹೌದು. ನೀವು ತಾರೀಖು ಹೇಳಿದ ಕೂಡಲೇ ಅದು ನಿಮ್ಮದಾಗಿ ಉಳಿಯುವುದಿಲ್ಲ. ಕೇಳಿದವರ ಗೋಡೆಯ ಕ್ಯಾಲೆಂಡರಿಗೆ ಹೋಗಿ ಕೂರುತ್ತದೆ.

ಈ ಕಂಪನಿಗೆ ಬರುವ ಮೊದಲು ನಾನು ಇನ್ನೊಂದು ಕಡೆ ಕೆಲಸ ಮಾಡುತ್ತಿದ್ದೆ. ಅಲ್ಲಿ ಸೇಲ್ಸ್‌ನವರು ಗೋವಾದ ಒಬ್ಬ ಲಾಡ್ಜ್ ಮಾಲೀಕರಿಗೆ, ರೂಮಿನ ಬಾಡಿಗೆ ಮತ್ತು ಊಟದ ಬಿಲ್ಲು ಒಟ್ಟಿಗೆ ಬರುವ ಫೀಚರ್ ದೀಪಾವಳಿಗೆ ಸಿದ್ಧ ಎಂದಿದ್ದರು. ಅವರು ಕುಂದಾಪುರ ಕಡೆಯವರು, ಮಾತಿಗೆ ಮಾತು ಎನ್ನುವ ಮನುಷ್ಯ. ನಂಬಿ, ನವೆಂಬರಿನಲ್ಲಿ ಹಳೆಯ ಸಾಫ್ಟ್‌ವೇರ್ ನಿಲ್ಲಿಸಿಬಿಟ್ಟರು. ದೀಪಾವಳಿ ಹೋಯಿತು, ಫೀಚರ್ ಬರಲಿಲ್ಲ. ಗೋವಾದಲ್ಲಿ ಡಿಸೆಂಬರ್ 20ರಿಂದ ಹೊಸ ವರ್ಷದವರೆಗೆ ಎಂಥ ಜನಸಂದಣಿ ಇರುತ್ತದೆ ಎಂದು ಹೇಳಬೇಕಿಲ್ಲ. ಆ ಹತ್ತು-ಹನ್ನೆರಡು ದಿನ ಅವರ ಮಗ ರಾತ್ರಿ ಎರಡರವರೆಗೆ ಕೂತು ರೂಮಿನ ಲೆಕ್ಕವನ್ನೂ ಊಟದ ಲೆಕ್ಕವನ್ನೂ ಕೈಯಲ್ಲಿ ಕೂಡಿಸಿದ. ಅವರು ಫೋನಿನಲ್ಲಿ ಬೈಯಲಿಲ್ಲ. “ಬರುವುದಿಲ್ಲ ಎಂದಿದ್ದರೆ ನಾನು ಹಳೆಯದನ್ನೇ ಇಟ್ಟುಕೊಳ್ಳುತ್ತಿದ್ದೆನಲ್ಲ ತಂಗಿ” ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಫೀಚರ್ ತಡವಾದದ್ದಕ್ಕಿಂತ, ತಾರೀಖು ನಂಬಿ ಹಳೆಯದನ್ನು ನಿಲ್ಲಿಸಿದ್ದೇ ಅವರಿಗೆ ಜಾಸ್ತಿ ನಷ್ಟ ಮಾಡಿತು.

ಹಾಗಾದರೆ ತಾರೀಖು ಕೊಡಲೇಬಾರದಾ? ಕೊಡಬೇಕು, ಎರಡು ಸಂದರ್ಭಗಳಲ್ಲಿ.

ಒಂದು, ತಾರೀಖು ಸರ್ಕಾರದ್ದಾಗಿದ್ದರೆ. 2017ರ ನವೆಂಬರ್ 10ರಂದು ಗುವಾಹಟಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಹೋಟೆಲ್ ಊಟದ ತೆರಿಗೆಯನ್ನು 5 ಪರ್ಸೆಂಟಿಗೆ ಇಳಿಸಿತು. ಅಲ್ಲಿಯವರೆಗೆ ಎಸಿ ಇಲ್ಲದ ಹೋಟೆಲಿಗೆ 12, ಎಸಿ ಇದ್ದರೆ 18 ಇತ್ತು. ಜಾರಿಯಾದದ್ದು 15ರಂದು. ನಡುವೆ ಸಿಕ್ಕಿದ್ದು ಬರೀ ಐದು ದಿನ. 2025ರಲ್ಲಿ ಮತ್ತೆ ಹಾಗೇ ಆಯಿತು. ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನ ಹೇಳಿತು, 22ಕ್ಕೆ ಜಾರಿ. ಊಟದ ತೆರಿಗೆ 5ರಲ್ಲೇ ಉಳಿಯಿತು. ಆದರೆ ಗಲ್ಲಾದ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಪ್ಯಾಕೆಟ್ ಕುರುಕಲು ತಿಂಡಿಗಳದ್ದು 12ರಿಂದ 5ಕ್ಕೆ ಬಂತು. ಇಂಥ ಹೊತ್ತಿನಲ್ಲಿ ‘ಕೆಲಸ ನಡೀತಿದೆ ಸರ್’ ಎಂಬ ಉತ್ತರ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಬಾಗಿಲು ತೆರೆದು ಮೊದಲ ಬಿಲ್ಲು ಹಾಕುವವರು ಅವರು. ದಿನ ಮಾತ್ರವಲ್ಲ, ಗಂಟೆಯನ್ನೂ ಹೇಳಬೇಕು. ‘21ರ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಕಂಪ್ಯೂಟರ್ ಆರಿಸಬೇಡಿ, ಅಪ್‌ಡೇಟ್ ತಾನೇ ಕೂರುತ್ತದೆ. ಬೆಳಗ್ಗೆ ಒಂದು ಚಕ್ಕುಲಿ ಪ್ಯಾಕೆಟ್ ಬಿಲ್ಲು ತೆಗೆದು ನೋಡಿ.’ ಹೀಗೆ.

ಕ್ಯಾಂಟೀನ್ ಕಂತ್ರಾಟುದಾರರ ವಿಷಯವೂ ಇದೇ. ಪುಣೆಯ ಹಿಂಜವಡಿಯ ಕಂಪನಿಗಳಿಗೆ ಇಡ್ಲಿ, ಊಟ ಒದಗಿಸುವ ನಮ್ಮವರು ಸುಮಾರು ಜನ ಇದ್ದಾರೆ. ಅವರು ಬಿಲ್ಲು ಕೊಡುವುದು ಕಂಪನಿಗೆ. ಹಾಗಾಗಿ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿ ಕೊಡುವ ಬಿಲ್ಲು, ಕಡ್ಡಾಯವಾಯಿತು. ಅವರು ಮೇ ತಿಂಗಳಿನಿಂದಲೇ ಕೇಳತೊಡಗಿದ್ದರು. ಅವರಿಗೆ ಜುಲೈ ತಿಂಗಳ ಒಂದು ತಾರೀಖನ್ನೇ ಕೊಡಬೇಕಿತ್ತು. ಹುಡುಗರಿಗೆ ಕಲಿಸಿಕೊಡಲು ಒಂದಿಷ್ಟು ದಿನ ಬೇಕಲ್ಲ?

ಎರಡನೆಯ ಸಂದರ್ಭ: ಕೆಲಸ ಮುಗಿದು, ನಾಲ್ಕೈದು ಹೋಟೆಲುಗಳಲ್ಲಿ ಈಗಾಗಲೇ ಓಡುತ್ತಿದ್ದರೆ. ಆಗ ತಾರೀಖು ಹೇಳಿ. ಅದಕ್ಕಿಂತ ಮೊದಲು ಬೇಡ.

ತಾರೀಖಿನ ಜೊತೆ ಇನ್ನೊಂದು ಎಚ್ಚರ. ತಾರೀಖನ್ನು ಕಟ್ಟಿ ಹಾಕಿದರೆ, ಏನೇನು ಬರುತ್ತದೆ ಎಂಬುದನ್ನು ಸಡಿಲ ಬಿಡಬೇಕು. ಎರಡನ್ನೂ ಕಟ್ಟಿ ಹಾಕಲು ಹೋದವರು ಕಷ್ಟಪಟ್ಟಿದ್ದಾರೆ. ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಉಬುಂಟು ಎಂಬ ಸಾಫ್ಟ್‌ವೇರ್ ನೋಡಿ. ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹೊಸ ವರ್ಷನ್ ಬರುತ್ತದೆ. ಹೆಸರಲ್ಲೇ ತಾರೀಖಿದೆ, 24.04 ಎಂದರೆ 2024ರ ಏಪ್ರಿಲ್. ಆ ದಿನಕ್ಕೆ ಸಿದ್ಧವಾಗದ ಫೀಚರ್ ಮುಂದಿನ ಗಾಡಿ ಹತ್ತುತ್ತದೆ, ಗಾಡಿ ಅದಕ್ಕಾಗಿ ಕಾಯುವುದಿಲ್ಲ. ಒಮ್ಮೆ ಮಾತ್ರ, 2006ರಲ್ಲಿ, 6.04 ಆಗಬೇಕಿದ್ದುದನ್ನು ಆರು ವಾರ ಮುಂದೂಡಿ 6.06 ಎಂದು ಬಿಟ್ಟರು. ಐದು ವರ್ಷ ಸರ್ವರ್‌ಗಳಲ್ಲಿ ಓಡಬೇಕಾದ ವರ್ಷನ್ ಅದು, ಅರೆಬೆಂದದ್ದನ್ನು ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಮುಂದೂಡುವ ಮಾತನ್ನೂ ಮೊದಲೇ, ಎಲ್ಲರ ಮುಂದೆ ಹೇಳಿದರು. ಅದೇ ಬಗೆಯ ಸಾಫ್ಟ್‌ವೇರ್ ಮಾಡುವ ಡೆಬಿಯನ್‌ನವರದು ಇನ್ನೊಂದು ದಾರಿ. ಸಿದ್ಧವಾದಾಗ ಬರುತ್ತದೆ, ಕೊನೆಯ ಹಂತಕ್ಕೆ ಬಂದ ಮೇಲಷ್ಟೇ ತಾರೀಖು. ಎರಡೂ ನಡೆಯುತ್ತವೆ, ಯಾಕೆಂದರೆ ಜನಕ್ಕೆ ಯಾವುದು ಯಾವ ದಾರಿ ಎಂದು ಗೊತ್ತಿದೆ. ಮೈಕ್ರೋಸಾಫ್ಟಿನ ವಿಂಡೋಸ್ ವಿಸ್ಟಾದಲ್ಲಿ ಹೀಗಾಗಲಿಲ್ಲ. 2006ಕ್ಕೆ ತರಬೇಕೆಂದು 2004ರಲ್ಲಿ ವಿನ್‌ಎಫ್‌ಎಸ್ ಎಂಬ ದೊಡ್ಡ ಭಾಗವನ್ನೇ ಕೈಬಿಟ್ಟರು. ಆದರೂ ಅಂಗಡಿಗೆ ಬಂದದ್ದು 2007ರ ಜನವರಿ 30ಕ್ಕೆ.

‘ಇಷ್ಟರೊಳಗೆ’ ಎನ್ನುವುದು

ಮೇಲ್ನೋಟಕ್ಕೆ ಇದು ತಾರೀಖಿಗಿಂತ ಸುರಕ್ಷಿತ. ಆದರೆ ಇದರಲ್ಲಿ ಒಂದು ಹಳ್ಳ ಇದೆ. ನೀವು ‘ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ’ ಎಂದರೆ, ನಿಮ್ಮ ಪ್ರೋಗ್ರಾಮರ್ ಡಿಸೆಂಬರ್ 31 ಎಂದು ಕೇಳಿಸಿಕೊಳ್ಳುತ್ತಾನೆ. ಗ್ರಾಹಕರು ಅಕ್ಟೋಬರ್ 1 ಎಂದು ಕೇಳಿಸಿಕೊಳ್ಳುತ್ತಾರೆ. ಮೂರು ತಿಂಗಳ ಮನಸ್ತಾಪ ಒಂದೇ ವಾಕ್ಯದಲ್ಲಿ ತಯಾರಾಯಿತು. ನಾನು ಈಗ ಮೊದಲ ತುದಿಯನ್ನು ಹೇಳುವುದನ್ನೇ ಬಿಟ್ಟಿದ್ದೇನೆ. ‘ಡಿಸೆಂಬರ್ ಕೊನೆಯೊಳಗೆ’ ಎನ್ನುತ್ತೇನೆ, ಅಷ್ಟೇ. ಮೊದಲೇ ಬಂದರೆ ಎಲ್ಲರಿಗೂ ಖುಷಿ.

‘ಮೊದಲ ಕ್ವಾರ್ಟರ್’ ಎಂಬ ಮಾತನ್ನೂ ಬಿಡಿ. ಅಮೆರಿಕದ ಕಂಪನಿಗಳ ಜೊತೆ ಕೆಲಸ ಮಾಡಿದ ನಮ್ಮ ಹುಡುಗರಿಗೆ ಅದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್. ಹೋಟೆಲ್ ಮಾಲೀಕರಿಗೂ ಅವರ ಸಿಎಗೂ ಅದು ಏಪ್ರಿಲ್‌ನಿಂದ ಜೂನ್, ಯಾಕೆಂದರೆ ನಮ್ಮ ಲೆಕ್ಕದ ವರ್ಷ ಶುರುವಾಗುವುದೇ ಏಪ್ರಿಲ್ 1ಕ್ಕೆ. ತಿಂಗಳ ಹೆಸರು ಹೇಳಿದರೆ ಗೊಂದಲವೇ ಇರುವುದಿಲ್ಲ. ಕೆಲಸ ಕೆಡದಂತೆ ಹೇಳಬೇಕಿದ್ದರೆ ಗ್ರಾಹಕರ ಕ್ಯಾಲೆಂಡರನ್ನೇ ಬಳಸಿ. ‘ಗಣಪತಿ ಕೂರಿಸುವ ಮೊದಲು ಬರುವುದಿಲ್ಲ, ದಸರಾ ಆದ ಮೇಲೆ’ ಎಂದರೆ ದಾದರಿನ ಮಾಲೀಕರಿಗೆ ಎಲ್ಲವೂ ಅರ್ಥವಾಗುತ್ತದೆ. ಆ ಹತ್ತು ದಿನದ ಜನಜಂಗುಳಿಗೆ ಹಳೆಯ ವರ್ಷನ್ ಇಟ್ಟುಕೊಂಡೇ ತಯಾರಾಗುತ್ತಾರೆ.

ಈ ಉತ್ತರ ಯಾರಿಗೆ ಒಳ್ಳೆಯದು? ಮುಂದಿನ ವರ್ಷದ ಖರ್ಚಿನ ಲೆಕ್ಕ ಹಾಕುವವರಿಗೆ. ಎರಡನೆಯ ಬ್ರಾಂಚ್ ತೆರೆಯುವವರಿಗೆ. ಏಪ್ರಿಲ್ 1ಕ್ಕೆ ಬಿಲ್ಲಿನ ಹೊಸ ನಂಬರ್ ಸರಣಿ ಶುರುಮಾಡುವಾಗಲೇ ಹೊಸ ವ್ಯವಸ್ಥೆಗೆ ಹೋಗಬೇಕು ಎನ್ನುವವರಿಗೆ. ನಾಳೆಯೇ ಹಣ ಕೊಡುವವರಿಗೆ ಒಳ್ಳೆಯದಲ್ಲ. ಅಂದಾಜನ್ನು ನಂಬಿ ಯಾರೂ ಮುಂಗಡ ಕೊಡಬಾರದು ಎಂದು ನಾನು ಅವರಿಗೆ ಬಾಯಿಬಿಟ್ಟೇ ಹೇಳುತ್ತೇನೆ.

ಕೆಲಸ ಎಲ್ಲಿಗೆ ಬಂದಿದೆ ಎಂದು ಹೇಳುವುದು

ನನಗೆ ಅತಿ ಹೆಚ್ಚು ಹಿಡಿಸಿದ ದಾರಿ ಇದು. ನಮ್ಮಂಥ ಸಣ್ಣ ಕಂಪನಿಗೆ ಹೇಳಿಮಾಡಿಸಿದ್ದು.

ದೊಡ್ಡವರೂ ಇದನ್ನು ಮಾಡುತ್ತಾರೆ. ಮೈಕ್ರೋಸಾಫ್ಟ್ 365ರ ರೋಡ್‌ಮ್ಯಾಪಿನಲ್ಲಿ, ಅಂದರೆ ಮುಂದೆ ಬರುವುದರ ಪಟ್ಟಿಯಲ್ಲಿ, ಪ್ರತಿ ಫೀಚರಿನ ಎದುರು, ತಯಾರಾಗುತ್ತಿದೆಯೋ, ಹಂತಹಂತವಾಗಿ ಕೊಡುತ್ತಿದ್ದಾರೋ, ಎಲ್ಲರಿಗೂ ತಲುಪಿತೋ ಎಂದು ಬರೆದಿರುತ್ತದೆ. ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್ 2020ರಲ್ಲಿ ತನ್ನ ರೋಡ್‌ಮ್ಯಾಪನ್ನು ಎಲ್ಲರೂ ನೋಡುವಂತೆ ತೆರೆದಿಟ್ಟಿತು. ನಮಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಡ. ಐದು ಮಾತು ಸಾಕು: ಬರೆದಿಟ್ಟುಕೊಂಡಿದ್ದೇವೆ. ಮಾಡಲು ತೀರ್ಮಾನ ಆಗಿದೆ. ಕೆಲಸ ನಡೆದಿದೆ. ಕೆಲವು ಹೋಟೆಲಿನಲ್ಲಿ ಪರೀಕ್ಷೆಗೆ ಇಟ್ಟಿದ್ದೇವೆ. ಎಲ್ಲರಿಗೂ ಬಂದಿದೆ.

ಇದರಲ್ಲಿ ಮೊದಲ ಎರಡರ ನಡುವೆ ಇರುವ ಗೆರೆಯನ್ನು ಬಹಳ ಜೋಪಾನ ಮಾಡಬೇಕು. ‘ಬರೆದಿಟ್ಟುಕೊಂಡಿದ್ದೇವೆ’ ಎಂದರೆ ಮಾತು ಕೊಟ್ಟಿಲ್ಲ ಎಂದರ್ಥ. ಗ್ರಾಹಕರಿಗೆ ಅದು ‘ಮಾಡುತ್ತೇವೆ’ ಎಂದೇ ಕೇಳಿಸುತ್ತದೆ. ಹಾಗಾಗಿ ಜೊತೆಗೇ ಇನ್ನೊಂದು ವಾಕ್ಯ ಸೇರಿಸಿ: ‘ಮಾಡುತ್ತೇವೋ ಇಲ್ಲವೋ ಎಂದು ಇನ್ನೂ ತೀರ್ಮಾನ ಆಗಿಲ್ಲ.’ ಇದನ್ನು ಹೇಳಲು ಮೊದಲು ನಾಲಿಗೆ ಹಿಂಜರಿಯುತ್ತದೆ. ಹೇಳಿದ ಮೇಲೆ ಹಗುರ.

ಮರಾಠಿ ಬಿಲ್ಲಿನ ಕತೆ ಈ ದಾರಿಗೆ ಒಳ್ಳೆಯ ಉದಾಹರಣೆ. ನಮ್ಮ ಪ್ರೋಗ್ರಾಮರ್ ಹುಡುಗಿ ಮೂರು ವಾರದ ಕೆಲಸ ಎಂದಿದ್ದಳು. ಮೂರು ವಾರದಲ್ಲಿ ಮೇಜಿನ ಮೇಲಿನ ಪ್ರಿಂಟರಿನಲ್ಲಿ ಚೆಂದವಾಗಿ ಬಂತು ಕೂಡ. ಆದರೆ ಬ್ಲೂಟೂತ್ ಪ್ರಿಂಟರ್ ಇದ್ದ ಒಂದು ಹೋಟೆಲಿಗೆ ಕೊಟ್ಟು ನೋಡಿದರೆ, ಒಂದು ಬಿಲ್ಲು ಹೊರಬರಲು ಹನ್ನೊಂದು ಸೆಕೆಂಡ್. ಚಿತ್ರ ಅಲ್ವಾ, ಅಕ್ಷರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಮಾಹಿತಿ ಹರಿಯಬೇಕು. ಬೆಳಗಿನ ಒಂಬತ್ತಕ್ಕೆ ಗಲ್ಲಾದ ಮುಂದೆ ಸಾಲು ನಿಂತಿರುವಾಗ ಹನ್ನೊಂದು ಸೆಕೆಂಡ್ ಯಾರಿಗೂ ಆಗುವುದಿಲ್ಲ. ಕೊನೆಗೆ ತಿಂಡಿಯ ಹೆಸರುಗಳನ್ನು ಮಾತ್ರ ಚಿತ್ರ ಮಾಡಿ, ಅಂಕಿಗಳನ್ನು ಪ್ರಿಂಟರಿನ ಅಕ್ಷರದಲ್ಲೇ ಬಿಟ್ಟು ದಾರಿ ಕಂಡುಕೊಂಡಳು. ಅದಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು. ನಾನು ಮೊದಲ ಮೂರು ವಾರ ನಂಬಿ ತಾರೀಖು ಹೇಳಿದ್ದರೆ ಮೂವತ್ತು ಜನರಿಗೆ ಸುಳ್ಳು ಹೇಳಿದಂತಾಗುತ್ತಿತ್ತು. ‘ಪರೀಕ್ಷೆಗೆ ಇಟ್ಟಿದ್ದೇವೆ, ಬಿಲ್ಲು ನಿಧಾನ ಬರುತ್ತಿದೆ, ಅದು ಸರಿಹೋಗುವವರೆಗೆ ನಿಮಗೆ ಕೊಡುವುದಿಲ್ಲ’ ಎಂದಿದ್ದೆ. ಒಬ್ಬರೂ ಸಿಟ್ಟಾಗಲಿಲ್ಲ.

ಹೋಟೆಲಿನವರಿಗೆ ಇದು ಬೇಗ ಅರ್ಥವಾಗುತ್ತದೆ. ರುಬ್ಬಿಟ್ಟ ಇಡ್ಲಿ ಹಿಟ್ಟು ಯಾವಾಗ ಹುದುಗು ಬರುತ್ತದೆ ಎಂದು ಗಡಿಯಾರ ನೋಡಿ ಹೇಳಲಾಗುವುದಿಲ್ಲ. ಮೇ ತಿಂಗಳ ಮುಂಬಯಿಯಲ್ಲಿ ಒಂದು ಲೆಕ್ಕ, ಡಿಸೆಂಬರಿನ ಪುಣೆಯಲ್ಲಿ ಇನ್ನೊಂದು. ಆದರೆ ಪಾತ್ರೆ ಮುಚ್ಚಳ ತೆಗೆದು ನೋಡಿದರೆ ಎಲ್ಲಿಗೆ ಬಂದಿದೆ ಎಂದು ಭಟ್ಟರು ಹೇಳಬಲ್ಲರು. ನಾವೂ ಅಷ್ಟನ್ನೇ ಹೇಳುತ್ತಿದ್ದೇವೆ.

ಈ ದಾರಿಯ ಕೊರತೆ ಒಂದಿದೆ. ಹಂತ ಬದಲಾಗದೆ ತಿಂಗಳುಗಟ್ಟಲೆ ‘ಕೆಲಸ ನಡೆದಿದೆ’ ಎಂದೇ ಇದ್ದರೆ, ಅದೂ ‘ಬೇಗ ಬರುತ್ತೆ ಸರ್’ ಆಗಿಬಿಡುತ್ತದೆ. ಎರಡು ತಿಂಗಳು ಅಲುಗಾಡದ್ದನ್ನು ನಾನು ಪ್ರೋಗ್ರಾಮರ್‌ಗಳ ಮುಂದಿಟ್ಟು ಕೇಳುತ್ತೇನೆ, ಇದು ನಿಜವಾಗಿ ನಡೆದಿದೆಯಾ ಎಂದು. ಎಷ್ಟೋ ಸಲ ಇಲ್ಲ ಎಂದೇ ಉತ್ತರ ಬರುತ್ತದೆ. ಆಗ ಒಂದು ಮೆಟ್ಟಿಲು ಹಿಂದಕ್ಕೆ ಇಳಿಸಿ ಗ್ರಾಹಕರಿಗೂ ಹೇಳುತ್ತೇನೆ.

ಇಲ್ಲ ಎನ್ನುವುದು

ನಮ್ಮವರಿಗೆ ಇದು ಎಲ್ಲಕ್ಕಿಂತ ಕಷ್ಟ. ಮುಖದ ಮೇಲೆ ಇಲ್ಲ ಎನ್ನುವುದು ನಮ್ಮ ಸ್ವಭಾವದಲ್ಲಿಲ್ಲ, ‘ನೋಡೋಣ’ ಎನ್ನುತ್ತೇವೆ. ಗೋವಾದ ಆ ಲಾಡ್ಜ್ ಮಾಲೀಕರನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದು, ಇಲ್ಲ ಎನ್ನುವುದೂ ಒಂದು ಉಪಕಾರ. ಅದನ್ನು ಕೇಳಿದವರು ಅವತ್ತೇ ಬೇರೆ ದಾರಿ ಹುಡುಕಬಹುದು.

ವಿಂಡೋಸ್ 7 ವಿಷಯ ತೆಗೆದುಕೊಳ್ಳಿ. ಹಳೆಯ ಹೋಟೆಲುಗಳ ಗಲ್ಲಾದಲ್ಲಿ ಅದು ಈಗಲೂ ಓಡುತ್ತಿದೆ. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. 2023ರ ಹೊತ್ತಿಗೆ ಗೂಗಲ್ ಕ್ರೋಮ್ ಕೂಡ ಅದಕ್ಕೆ ಹೊಸ ವರ್ಷನ್ ಕೊಡುವುದನ್ನು ಬಿಟ್ಟಿತು. ‘ನಿಮ್ಮ ಹೊಸ ವರ್ಷನ್ ಇದರಲ್ಲಿ ಓಡುವಂತೆ ಮುಂದೆ ಮಾಡುತ್ತೀರಾ?’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: “ಇಲ್ಲ ಸರ್, ಮಾಡುವುದಿಲ್ಲ. ಅದರಲ್ಲಿ ನಿಮ್ಮ ಲೆಕ್ಕ ಭದ್ರವಾಗಿರುವುದಿಲ್ಲ. ಈಗಿನ ಹಳೆಯ ವರ್ಷನ್ ಮುಂದಿನ ಮಾರ್ಚ್ ಕೊನೆಯವರೆಗೆ ನಡೆಸಿಕೊಡುತ್ತೇವೆ. ಅಷ್ಟರಲ್ಲಿ ಒಂದು ಕಂಪ್ಯೂಟರ್ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಸಾಕು, ಯಾವುದು ಆಗುತ್ತದೆ ಎಂದು ನಾನು ಹೇಳುತ್ತೇನೆ.”

ಗಮನಿಸಿ, ಇಲ್ಲ ಎಂಬ ಮಾತು ಮೊದಲು ಬಂತು. ಕಾರಣ ಒಂದು ವಾಕ್ಯ. ಆಮೇಲೆ ಅವರು ಏನು ಮಾಡಬಹುದು ಎಂಬುದು. ಕಾರಣವನ್ನು ಉದ್ದ ಮಾಡಿದರೆ ವಾದಕ್ಕೆ ಎಳೆ ಸಿಗುತ್ತದೆ. ಇಲ್ಲ ಎಂಬುದನ್ನು ಕೊನೆಗೆ ಇಟ್ಟರೆ, ಅವರು ಕೇಳಿಸಿಕೊಳ್ಳದೇ ಹೋಗುವ ಸಾಧ್ಯತೆಯೇ ಜಾಸ್ತಿ.

ಮಾತಾಡದೇ ಇರುವುದು

ಆಪಲ್ ಹೆಚ್ಚಾಗಿ ಹೀಗೆ ಮಾಡುತ್ತದೆ. ಹಾಗೆ ಮಾಡದಿದ್ದಾಗ ಏನಾಯಿತು ಎಂಬುದಕ್ಕೂ ಅದೇ ಉದಾಹರಣೆ. 2017ರ ಸೆಪ್ಟೆಂಬರಿನಲ್ಲಿ ಏರ್‌ಪವರ್ ಎಂಬ ಚಾರ್ಜರನ್ನು ವೇದಿಕೆಯ ಮೇಲೆ ತೋರಿಸಿ, 2019ರ ಮಾರ್ಚಿನಲ್ಲಿ ಅದನ್ನು ಕೈಬಿಟ್ಟಿತು.

ಇದಕ್ಕಿಂತ ಹಳೆಯ ಪಾಠ ಆಸ್ಬೋರ್ನ್ ಕಂಪ್ಯೂಟರಿನದು. ಅದರ ಒಡೆಯ ಆಡಮ್ ಆಸ್ಬೋರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನಲ್ಲಿ, ಕೊನೆಯುಸಿರೆಳೆದದ್ದು ಕೊಡೈಕನಾಲ್‌ನಲ್ಲಿ. 1981ರಲ್ಲಿ ಅವರ ಕೈಯಲ್ಲಿ ಹಿಡಿದು ಒಯ್ಯುವ ಕಂಪ್ಯೂಟರ್ 1,795 ಡಾಲರಿಗೆ ಬಂದು ಬಿಸಿ ದೋಸೆಯಂತೆ ಖರ್ಚಾಯಿತು. 1983ರಲ್ಲಿ, ಇದಕ್ಕಿಂತ ಒಳ್ಳೆಯದು ಬರಲಿದೆ ಎಂದು ಮೊದಲೇ ಹೇಳಿಬಿಟ್ಟರು. ಅಂಗಡಿಯವರು ಇದ್ದುದನ್ನು ಕೊಳ್ಳುವುದನ್ನು ನಿಲ್ಲಿಸಿದರು. ಆ ಸೆಪ್ಟೆಂಬರಿನಲ್ಲೇ ಕಂಪನಿ ದಿವಾಳಿಯಾಯಿತು. ಬೇರೆ ಕಾರಣಗಳೂ ಇದ್ದವು, ಪೈಪೋಟಿ ಬಲವಾಗಿತ್ತು. ಆದರೂ ಹೊಸದರ ಸುದ್ದಿ ಹಳೆಯದರ ಮಾರಾಟ ಕೊಲ್ಲುವುದಕ್ಕೆ ಇವತ್ತಿಗೂ ಅವರ ಹೆಸರೇ ಇದೆ.

ಪೆಟ್ಟಿಗೆಯಲ್ಲಿಟ್ಟು ಮಾರುವ ಸಾಮಾನಿಗೆ ಈ ಮೌನ ಸರಿ. ವರ್ಷವರ್ಷ ಹಣ ಕಟ್ಟಿ ನಿಮ್ಮ ಜೊತೆ ಇರುವ ಹೋಟೆಲ್ ಮಾಲೀಕರಿಗೆ ಸರಿಯಲ್ಲ. ಅವರ ಹಣದಲ್ಲೇ ಆ ಫೀಚರ್ ತಯಾರಾಗುತ್ತಿದೆ. ಭದ್ರತೆಯ ತೊಂದರೆ ಸರಿಪಡಿಸುವಾಗ ಮಾತ್ರ ನಾನು ಬಾಯಿ ಮುಚ್ಚಿರುತ್ತೇನೆ. ಮುಗಿದ ಮೇಲೆ ಹೇಳುತ್ತೇನೆ.

ಇನ್ನೂ ಗ್ರಾಹಕರಾಗದವರು ಕೇಳಿದರೆ

ಡೆಮೋ ನೋಡುತ್ತ ‘ಇದು ಮುಂದೆ ಬರುತ್ತಾ?’ ಎಂದು ಕೇಳುವವರಿಗೆ ಬೇರೆ ಅಳತೆ ಬೇಕು. ಅವರ ಮುಂದೆ ಸೇಲ್ಸ್‌ನವರ ಬಾಯಿ ಸಡಿಲವಾಗುತ್ತದೆ, ತಿಂಗಳ ಟಾರ್ಗೆಟ್ ಇರುತ್ತದಲ್ಲ. ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಇವತ್ತು ಕಣ್ಣಿಗೆ ಕಾಣುವುದನ್ನು ನೋಡಿ ಕೊಳ್ಳಿ, ಬರಲಿರುವುದನ್ನು ನಂಬಿ ಕೊಳ್ಳಬೇಡಿ ಎಂದು ಡೆಮೋದಲ್ಲೇ ಹೇಳುವುದು. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಆ ಫೀಚರ್ ಇಲ್ಲದೆ ಆಗುವುದೇ ಇಲ್ಲ ಎನ್ನುವವರ ಜೊತೆ ಫೋನಿನ ಮಾತು ಬೇಡ, ಕಾಗದದಲ್ಲಿ ಬರೆಯಿರಿ. ಯಾವ ಫೀಚರ್, ಯಾವ ದಿನದೊಳಗೆ, ಬರದಿದ್ದರೆ ಎಷ್ಟು ಹಣ ವಾಪಸ್. ಬರೆಯುವ ಮೊದಲು ನಿಮ್ಮ ಸಿಎ ಹತ್ತಿರ ಒಂದು ಮಾತು ಕೇಳಿ. ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮ 2018ರ ಏಪ್ರಿಲ್‌ನಿಂದ ಇದೆ. ಅದರ ಪ್ರಕಾರ, ಇಂಥದ್ದೇ ಫೀಚರ್ ಕೊಡುತ್ತೇವೆ ಎಂಬ ಮಾತು ಬೇರೆಯದೇ ಒಂದು ಹೊಣೆಯಾಗಿ ಲೆಕ್ಕಕ್ಕೆ ಬರಬಹುದು. ಹಾಗೆ ಬಂದರೆ, ಅದನ್ನು ಕೊಡುವವರೆಗೆ ಆ ಪಾಲಿನ ಹಣವನ್ನು ಆದಾಯ ಎಂದು ತೋರಿಸುವಂತಿಲ್ಲ. ದೊಡ್ಡ ಕಂಪನಿಗಳು ಮುಂದಿನ ಫೀಚರುಗಳ ಬಗ್ಗೆ ಅಷ್ಟು ಅಳೆದು ತೂಗಿ ಮಾತಾಡುವುದಕ್ಕೆ ಇದೂ ಒಂದು ಕಾರಣ.

ತಡವಾದಾಗ, ಬಂದಾಗ

ಯಾವ ದಾರಿ ಆರಿಸಿದರೂ ಕೆಲವೊಮ್ಮೆ ಮಾತು ತಪ್ಪುತ್ತದೆ. ಆಗ ತಾರೀಖು ದಾಟಿದ ಮೇಲೆ ಫೋನ್ ಮಾಡಿದರೆ ಪ್ರಯೋಜನವಿಲ್ಲ. ಗೊತ್ತಾದ ದಿನವೇ ಮಾಡಬೇಕು. ಹೊಸ ತಾರೀಖು ಕೈಯಲ್ಲಿಲ್ಲದಿದ್ದರೂ ಸರಿ. “ಅಣ್ಣಾ, 10ಕ್ಕೆ ಅಂದಿದ್ದೆ, ಆಗುವುದಿಲ್ಲ. ಹಳೆಯದನ್ನು ನಿಲ್ಲಿಸಬೇಡಿ. ಶುಕ್ರವಾರ ಮತ್ತೆ ಫೋನ್ ಮಾಡಿ ಎಲ್ಲಿಗೆ ಬಂತು ಹೇಳುತ್ತೇನೆ.” ಶುಕ್ರವಾರ ಹೇಳಲು ಏನೂ ಇಲ್ಲದಿದ್ದರೂ ಫೋನ್ ಮಾಡಬೇಕು, ಯಾಕೆಂದರೆ ಕೊಟ್ಟ ಮಾತು ಫೋನಿನದೇ.

ಕೆಲವರಿಗೆ ಪರೀಕ್ಷೆಯ ವರ್ಷನ್ ಮೊದಲೇ ಕೊಡುವುದೂ ಒಂದು ಉತ್ತರ. ಆದರೆ ಒಂದೇ ಗಲ್ಲಾ ಇರುವ ಹೋಟೆಲಿಗೆ ಬೇಡ. ಎರಡು ಕಂಪ್ಯೂಟರ್ ಇದ್ದು, ಒಂದು ಕೆಟ್ಟರೆ ಇನ್ನೊಂದರಲ್ಲಿ ನಡೆಯುವಂಥವರಿಗೆ ಕೊಡಿ. ಅದೂ ಮಂಗಳವಾರ, ಬುಧವಾರದಂಥ ತಣ್ಣಗಿನ ದಿನ ನೋಡಿ. ಜಿಎಸ್‌ಟಿ ರಿಟರ್ನ್ ಕಟ್ಟುವ 11 ಮತ್ತು 20ನೇ ತಾರೀಖಿನ ಆಸುಪಾಸಿನಲ್ಲಿ ಏನನ್ನೂ ಮುಟ್ಟಬೇಡಿ.

ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಗ್ರಾಹಕರ ಕೋರಿಕೆ ಬರೆದಿಡುವ ಕಂಪನಿಯ ಟಿಕೆಟ್ ವ್ಯವಸ್ಥೆಯಲ್ಲೂ ಎಲ್ಲ ದಾಖಲಾಗುತ್ತದೆ, ಆದರೆ ಇದು ನನ್ನದು. ಯಾರು ಯಾವ ಫೀಚರ್ ಕೇಳಿದರು, ಯಾಕೆ ಕೇಳಿದರು, ನಾನು ಏನು ಹೇಳಿದೆ, ಮೂರು ಸಾಲು. ಮರಾಠಿ ಬಿಲ್ಲಿನ ಪುಟದಲ್ಲಿ 34 ಹೆಸರುಗಳಿದ್ದವು. ಎಲ್ಲರಿಗೂ ಬಿಟ್ಟ ದಿನ ಮೂರೂವರೆಯಿಂದ ಶುರುಮಾಡಿ ಒಬ್ಬೊಬ್ಬರಿಗೇ ಫೋನ್ ಮಾಡಿದೆ, ಎರಡು ದಿನ ಹಿಡಿಯಿತು. ಮಾಟುಂಗದವರು ಆಗಲೇ ಮೊದಲ ಬಿಲ್ಲು ತೆಗೆದು ನೋಡಿದ್ದರು. ಫೋಟೋ ಕಳಿಸಿದರು. ‘ಮಸಾಲಾ ಡೋಸಾ’ ಎಂಬುದು ಮರಾಠಿಯಲ್ಲಿ ಸ್ಪಷ್ಟವಾಗಿ ಬಂದಿತ್ತು, ಹಳೆಯ ಪ್ರಿಂಟರಿನಲ್ಲೇ.

“ಚಂದ ಬಂದಿದೆ ಮೇಡಂ” ಎಂದರು. “ಇನ್ನು ಇದರಲ್ಲಿ ಕನ್ನಡ ಯಾವಾಗ?”

“ಬರೆದಿಟ್ಟುಕೊಂಡೆ ಅಣ್ಣಾ. ಮಾಡುತ್ತೇವೋ ಇಲ್ಲವೋ ಇನ್ನೂ ತೀರ್ಮಾನ ಆಗಿಲ್ಲ. ನಿಮಗೆ ಯಾಕೆ ಬೇಕು, ಹೇಳಿ.”